ಬೀಜದ ಹೋರಿಯ ಶಕ್ತಿ ಕರುವಿದ್ದಾಗಲೇ ತಯಾರು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದಲ್ಲಿ ಕೃತಕ ಗರ್ಭಧಾರಣೆ ಸೌಲಭ್ಯವಿದ್ದರೂ ಊರ ಹೋರಿ, ಕೋಣಗಳನ್ನೇ ನೆಚ್ಚಿದವರು ಇನ್ನೂ ಇದ್ದಾರೆ. ಹೋರಿ ನೋಡಲು ದಷ್ಟಪುಷ್ಟವಾಗಿದ್ದರೂ ಆಕಳು ಗಬ್ಬ ನಿಲ್ಲದಿರಲು ಒಂದು ಕಾರಣ ಅದರ ಕರುತನದಲ್ಲೇ ಇರಬಹುದು.

ವೃಷಣದೊಳಗೆ ದಾರದಂಥ ಸಣ್ಣ ನಾಳಗಳಿವೆ. ವೀರ್ಯಾಣು ಹುಟ್ಟುವುದು ಅಲ್ಲಿ. ನಾಳದ ಗೋಡೆಗೆ ಒರಗಿ ನಿಂತ ಪೋಷಕ ಕೋಶಗಳು ಬೆಳೆಯುವ ವೀರ್ಯಾಣುಗಳಿಗೆ ಆಹಾರ ಕೊಡುತ್ತವೆ, ರಕ್ತದಲ್ಲಿನ ಹಾನಿಕರ ವಸ್ತುಗಳು ಒಳಬರದಂತೆ ಬೇಲಿಯಾಗುತ್ತವೆ, ಸತ್ತ ಕೋಶಗಳನ್ನು ನುಂಗಿ ಸ್ವಚ್ಛ ಮಾಡುತ್ತವೆ. 1865ರಲ್ಲಿ ಇವನ್ನು ವಿವರಿಸಿದವರು ಇಟಲಿಯ ಎನ್ರಿಕೊ ಸರ್ಟೋಲಿ. ಮುಂದೆ ಅವರು ಮಿಲಾನ್‌ನ ಪಶುವೈದ್ಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಹಾಗಾಗಿ ಇವಕ್ಕೆ ಸರ್ಟೋಲಿ ಕೋಶ ಎಂದೇ ಹೆಸರು.

ಒಂದು ಸರ್ಟೋಲಿ ಕೋಶ ಕೆಲವೇ ವೀರ್ಯಾಣುಗಳನ್ನು ಸಾಕಬಲ್ಲದು. ಆಳು ಎಷ್ಟೋ ಕೆಲಸ ಅಷ್ಟೇ. ಹೋರಿಗರುವಿನಲ್ಲಿ ಈ ಕೋಶಗಳ ಸಂಖ್ಯೆ ಹೆಚ್ಚುವುದು ಮುಖ್ಯವಾಗಿ ಮೊದಲ ಆರೇಳು ತಿಂಗಳಲ್ಲಿ. ಪ್ರಾಯಕ್ಕೆ ಬಂದ ಮೇಲೆ ಹೆಚ್ಚುವುದಿಲ್ಲ. ಗಂಡುಕರು ಎಂದು ಹಾಲು ತಪ್ಪಿಸಿ ಸೊರಗಿಸಿದರೆ, ಆಮೇಲೆ ಎಷ್ಟು ಹಿಂಡಿ ಹಾಕಿದರೂ ಮೈ ತುಂಬೀತೇ ಹೊರತು ಆ ಕೊರತೆ ತುಂಬದು.

ಆದ್ದರಿಂದ ಬೀಜಕ್ಕೆ ಬಿಡುವ ಕರುವಿನ ವಿಷಯದಲ್ಲಿ ಇವನ್ನು ಗಮನಿಸಿ:

1. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ನಂತರ ದಿನಕ್ಕೆ ಮೈತೂಕದ ಹತ್ತನೇ ಒಂದು ಭಾಗ ಹಾಲು ಕೊಡಿ. 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್ ಆಯಿತು.

2. ಎರಡನೇ ವಾರದಿಂದ ಕರು ಆಹಾರ ರೂಢಿಸಿ. ಪಶುವೈದ್ಯರ ಸಲಹೆಯಂತೆ ಜಂತುನಾಶಕ ಕೊಡಿಸಿ. ಹಾಲು ಬಿಡಿಸಿದ ಮೇಲೂ ಹಸಿಮೇವು, ಖನಿಜ ಮಿಶ್ರಣ ತಪ್ಪಿಸಬೇಡಿ.

3. ಎರಡೂ ವೃಷಣಗಳು ಚೀಲಕ್ಕೆ ಇಳಿಯದ ಅಥವಾ ಸಮನಾಗಿ ಬೆಳೆಯದ ಹೋರಿ ಬೀಜಕ್ಕೆ ಬೇಡ.

4. ವೃಷಣ ದೇಹಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿರಬೇಕು. ಕೊಟ್ಟೂರು ತೇರು ಮುಗಿಯುತ್ತಲೇ ನಮ್ಮಲ್ಲಿ ಬಿಸಿಲು ಏರುತ್ತದೆ. ಹೋರಿಯನ್ನು ನೆರಳಲ್ಲಿ ಕಟ್ಟಿ, ಸಾಕಷ್ಟು ನೀರು ಕುಡಿಸಿ.

5. ಹೋರಿಯಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ, ಪಕ್ವವಾಗಿ ಹೊರಬರಲು ಮತ್ತೆ ಒಂದು ವಾರಕ್ಕೂ ಹೆಚ್ಚು ಬೇಕು. ಜೋರು ಜ್ವರ ಬಂದುಹೋದ ಹೋರಿ ವಾಸಿಯಾದಂತೆ ಕಂಡರೂ ಎರಡೂವರೆ ತಿಂಗಳು ಅದನ್ನು ಆಕಳಿಗೆ ಬಿಡಬೇಡಿ. ಅನಂತರ ಪರೀಕ್ಷೆ ಮಾಡಿಸಿಯೇ ಬಿಡಿ.

ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ. ಹೋರಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ತೋರಿಸಲು ಬೇಕಾಗುವುದು ಅರ್ಧ ದಿನ ಮಾತ್ರ.