ಕಸುಬಿಗೊಂದು ಸಂಘವಿದೆ, ಬೀದಿಗೇಕಿಲ್ಲ?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿನ ಪೇಟೆಬೀದಿಯ ಅಂಗಡಿಯವರು ತಾವೇ ದುಡ್ಡು ಹಾಕಿ ಬೀದಿ ತೊಳೆಸುವುದು, ಹೂಕುಂಡ ಇಡಿಸುವುದು, ಹಬ್ಬಕ್ಕೆ ದೀಪ ಹಾಕಿಸುವುದನ್ನು ಕಂಡೆ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ನಮ್ಮ ಹೊಸದುರ್ಗದಲ್ಲಿ ಇದು ಏಕೆ ಆಗುವುದಿಲ್ಲ? ನಮ್ಮ ವ್ಯಾಪಾರಿಗಳಲ್ಲಿ ಒಗ್ಗಟ್ಟಿಲ್ಲವೇ?
— ಓದುಗರೊಬ್ಬರು, ಹೊಸದುರ್ಗ

ಒಗ್ಗಟ್ಟಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಜವಳಿಯವರಿಗೊಂದು ಸಂಘ, ಸರಾಫರಿಗೊಂದು, ಔಷಧ ಅಂಗಡಿಯವರಿಗೊಂದು, ಹೋಟೆಲಿನವರಿಗೊಂದು, ಕಿರಾಣಿ ವರ್ತಕರಿಗೊಂದು ಇದ್ದೇ ಇರುತ್ತದೆ. ಜಿಎಸ್‌ಟಿ ಗೊಂದಲವಾದಾಗ ಸಭೆ ಸೇರುತ್ತಾರೆ, ಬಂದ್ ಎಂದರೆ ಒಟ್ಟಿಗೆ ಷಟರ್ ಎಳೆಯುತ್ತಾರೆ. ಆದರೆ ಈ ಸಂಘಗಳೆಲ್ಲ ಕಸುಬಿನ ಮೇಲೆ ಕಟ್ಟಿದವು. ಒಂದೇ ಬೀದಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಜವಳಿಯವರು, ಮೆಡಿಕಲ್‌ನವರು, ಬೇಕರಿಯವರು ಮೂರು ಬೇರೆ ಸಂಘಗಳ ಸದಸ್ಯರು. ಮೂವರ ಮುಂದೆ ಹರಿಯುವ ಚರಂಡಿ ಮಾತ್ರ ಒಂದೇ, ಅದಕ್ಕೆ ಸಂಘವಿಲ್ಲ. ನೀವು ಇಂಗ್ಲೆಂಡಿನಲ್ಲಿ ಕಂಡದ್ದು ಬೀದಿಯ ಸಂಘ. ವ್ಯತ್ಯಾಸ ಶುರುವಾಗುವುದು ಅಲ್ಲಿಂದ.

ಅದರ ಹುಟ್ಟು ಇಂಗ್ಲೆಂಡಿನದಲ್ಲ, ಕೆನಡಾದ ಟೊರಾಂಟೊ ನಗರದ್ದು. ಅಲ್ಲಿನ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆಬೀದಿಗೆ 1960ರ ದಶಕದಲ್ಲಿ ಎರಡು ಪೆಟ್ಟು ಬಿತ್ತು. 1964ರಲ್ಲಿ ಊರಾಚೆ ಯಾರ್ಕ್‌ಡೇಲ್ ಎಂಬ ದೊಡ್ಡ ಮಾಲ್ ತೆರೆಯಿತು. 1968ರಲ್ಲಿ ನೆಲದಡಿಯ ರೈಲು ಆ ಕಡೆಗೂ ಬಂತು. ಅದುವರೆಗೆ ಬೀದಿಯ ಮೇಲೆ ಟ್ರಾಮಿನಲ್ಲಿ ಹೋಗುತ್ತ ಅಂಗಡಿಯ ಗಾಜಿನೊಳಗೆ ಇಣುಕುತ್ತಿದ್ದ ಗಿರಾಕಿ ಈಗ ಅಂಗಡಿಯ ಅಡಿಯಲ್ಲೇ ಹಾದುಹೋಗತೊಡಗಿದ. ಹಿರಿಯೂರಿನವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರು–ಪುಣೆ ಹೆದ್ದಾರಿಯ ಬಸ್ಸು, ಕಾರು, ಲಾರಿಗಳೆಲ್ಲ ಊರೊಳಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದ ಕಾಲವೊಂದಿತ್ತು, ಬೈಪಾಸ್ ಆದ ಮೇಲೆ ಊರಿನ ಹೆಸರು ಹಸಿರು ಫಲಕದ ಮೇಲೆ ಮಾತ್ರ ಕಾಣುತ್ತದೆ. ಚಿತ್ರದುರ್ಗಕ್ಕೂ ಅದೇ ಗತಿ.

ಟೊರಾಂಟೊದ ವ್ಯಾಪಾರಿಗಳು ಮೊದಲು ಮಾಡಿದ್ದು ನಾವೂ ಮಾಡುವಂಥದ್ದೇ: ಚಂದಾ ಎತ್ತಿದರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಕೊಡದವರ ಅಂಗಡಿ ಮುಂದೆಯೂ ದೀಪ ಉರಿಯಿತು. ಮುಂದಿನ ವರ್ಷ ಕೊಟ್ಟವರೂ ಕೈ ಹಿಂದೆಗೆದರು. ಆಗ ಅವರು ಹೋಗಿ ಸರ್ಕಾರವನ್ನು ಕೇಳಿದ್ದು ಅನುದಾನವಲ್ಲ, ಕಾನೂನು. ಬೀದಿಯ ಬಹುಮತ ಒಪ್ಪಿದರೆ ಎಲ್ಲರ ಮೇಲೂ ಒಂದು ಸಣ್ಣ ತೆರಿಗೆ ಹಾಕಿ. ನಗರಸಭೆಯೇ ಅದನ್ನು ಆಸ್ತಿ ತೆರಿಗೆಯ ಜೊತೆ ವಸೂಲಿ ಮಾಡಿ, ಪೂರ್ತಿ ಹಣವನ್ನು ಆ ಬೀದಿಯ ಮಂಡಳಿಗೇ ಮರಳಿಸಲಿ ಎಂದರು. 1970ರಲ್ಲಿ ಅದು ಜಾರಿಗೆ ಬಂತು. ಬ್ರಿಟನ್ ಈ ಪದ್ಧತಿಗೆ ಕಾನೂನು ಮಾಡಿದ್ದು 2003ರಲ್ಲಿ. ಅಲ್ಲಿ ಇದರ ಹೆಸರು ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್, ಬಾಯಿಮಾತಿನಲ್ಲಿ ‘ಬಿಡ್’. ಮೊದಲನೆಯದು ಲಂಡನ್ನಿನ ಕಿಂಗ್‌ಸ್ಟನ್‌ನಲ್ಲಿ 2005ರಲ್ಲಿ ಶುರುವಾಯಿತು. ಈಗ ಅಲ್ಲಿ ಇಂಥವು 300ಕ್ಕೂ ಹೆಚ್ಚು. ನಿಮ್ಮ ಮಗಳ ಊರಿನದೂ ಬಹುಶಃ ಇವುಗಳಲ್ಲೊಂದು.

ಬ್ರಿಟನ್ನಿನ ಮತದಾನದ ನಿಯಮ ನನಗೆ ಬಹಳ ಹಿಡಿಸಿದ್ದು. ಎರಡು ಎಣಿಕೆ ಮಾಡುತ್ತಾರೆ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೂಂ ಎನ್ನಬೇಕು, ಅದು ತಲೆ ಎಣಿಕೆ. ಹಾಗೆ ಹೂಂ ಅಂದವರ ಅಂಗಡಿಗಳ ತೆರಿಗೆ ಮೌಲ್ಯವೂ ಅರ್ಧ ದಾಟಬೇಕು. ಅಂದರೆ ನಾಲ್ಕು ದೊಡ್ಡ ಶೋರೂಮಿನವರು ಸೇರಿ ನೂರು ಸಣ್ಣ ಅಂಗಡಿಗಳ ತಲೆ ಮೇಲೆ ಖರ್ಚು ಹೊರಿಸುವಂತಿಲ್ಲ. ನೂರು ಸಣ್ಣವರು ಸೇರಿ ನಾಲ್ವರ ಜೇಬಿಗೆ ಕೈ ಹಾಕುವಂತೆಯೂ ಇಲ್ಲ. ಅವಧಿ ಹೆಚ್ಚೆಂದರೆ 5 ವರ್ಷ. ಆಮೇಲೆ ಮತ್ತೆ ಮತ. ಕೆಲಸ ಕಾಣದಿದ್ದರೆ ವ್ಯಾಪಾರಿಗಳು ಇಲ್ಲ ಎಂದು ಮುಚ್ಚಿಸಿಬಿಡುತ್ತಾರೆ, ಹಾಗೆ ಮುಚ್ಚಿದವೂ ಇವೆ.

ಇದೆಲ್ಲ ಹೊರಗಿನವರ ಬುದ್ಧಿ ಎಂದುಕೊಳ್ಳಬೇಡಿ. ನಮ್ಮ ಶಾಸನಗಳನ್ನು ತೆಗೆದು ನೋಡಿ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ಐಹೊಳೆಯಿಂದ ಹೊರಟು ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿತ್ತು. ಊರ ಪೇಟೆಗೆ ಪಟ್ಟಣಸ್ವಾಮಿ ಎಂಬ ಮುಖ್ಯಸ್ಥನಿರುತ್ತಿದ್ದ. ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ 1062ರ ಸುಮಾರಿಗೆ ಬಸದಿ ಕಟ್ಟಿಸಿದ ವರ್ತಕ. ಅದಕ್ಕಿಂತ ಸ್ವಾರಸ್ಯವಾದದ್ದು ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಸಣ್ಣ ಲೆಕ್ಕ: ಎಣ್ಣೆಯ ತೆಲ್ಲಿಗರು ಒಂದೊಂದು ಗಾಣಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆಯನ್ನು ನಂದಾದೀವಿಗೆಗೆ ಕೊಡತಕ್ಕದ್ದು, ಎಲೆಯವರು ಹೇರಿಗೆ ಇಷ್ಟು, ಧಾನ್ಯದವರು ಇಷ್ಟು. ಬೇರೆ ಬೇರೆ ಕಸುಬಿನವರು ಒಂದೇ ಊರಿನ ಒಂದೇ ದೀಪಕ್ಕೆ ಮಾಲಿನ ಅಳತೆಯ ಮೇಲೆ ಒಪ್ಪಿಕೊಂಡ ತೆರಿಗೆ ಅದು. ಒಪ್ಪಿದ್ದನ್ನು ಕಲ್ಲಿನಲ್ಲಿ ಕೊರೆಸಿ, ತಪ್ಪಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. ವಸೂಲಿಗೆ ಅದಕ್ಕಿಂತ ಗಟ್ಟಿ ಏರ್ಪಾಡು ಟೊರಾಂಟೊದವರಿಗೂ ಹೊಳೆದಿರಲಿಕ್ಕಿಲ್ಲ.

ಈಗಿನ ಕಾಲದಲ್ಲೂ ನಮ್ಮಲ್ಲಿ ಇದರ ಹತ್ತಿರದ ನೆಂಟನಿದ್ದಾನೆ: ಎಪಿಎಂಸಿ. ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ಯಾರ್ಡಿನಲ್ಲಿ ಮಾಲು ಕೊಳ್ಳುವವರು ಸೆಸ್ ಕಟ್ಟಬೇಕು. ಆ ದುಡ್ಡಿನಿಂದ ಯಾರ್ಡಿನ ರಸ್ತೆ, ಹರಾಜುಕಟ್ಟೆ, ದೀಪ, ನೀರು. ನೋಡಿಕೊಳ್ಳಲು ಸಮಿತಿ, ಅದರಲ್ಲಿ ವರ್ತಕರ ಪ್ರತಿನಿಧಿ. ಇದರ ಗುಣದೋಷಗಳು ಅಡಿಕೆ, ಶೇಂಗಾ, ಮೆಕ್ಕೆಜೋಳ ಮಾರಿದ ನಮ್ಮ ಜಿಲ್ಲೆಯ ರೈತರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ‘ಇಂತಿಷ್ಟು ಜಾಗ, ಅಲ್ಲಿ ವ್ಯಾಪಾರ ಮಾಡುವವರ ಮೇಲೆ ಕಡ್ಡಾಯ ಶುಲ್ಕ, ಆ ಶುಲ್ಕ ಅದೇ ಜಾಗಕ್ಕೆ ಖರ್ಚು’ ಎಂಬ ತತ್ವ ನಮಗೆ ಹೊಸದೇನಲ್ಲ. ಯಾರ್ಡಿನ ಗೇಟು ದಾಟಿ ಅದು ಪೇಟೆಬೀದಿಗೆ ಬಂದಿಲ್ಲ, ಅಷ್ಟೇ.

ಬರದೇ ಇರುವುದಕ್ಕೆ ಕಾನೂನಿನ ಕೊರತೆ ಒಂದೇ ಕಾರಣವಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ತೇರಿನಂಥ ಕಾರ್ಯಕ್ಕೆ ಚಂದಾ ಕೇಳಿ ಬಂದರೆ ಯಾರೂ ಬರಿಗೈಲಿ ಕಳಿಸುವುದಿಲ್ಲ. ಭಕ್ತಿ ಇರುತ್ತದೆ, ಜೊತೆಗೆ ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರೆ. ಚರಂಡಿಗೆ ಮೈಕಿಲ್ಲ. ವರ್ಷವಿಡೀ ದಿನಾ ಆಗಬೇಕಾದ ಕೆಲಸ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕಂಡರೆ ಅದು ಕೆಟ್ಟಾಗ ಮಾತ್ರ. ಇಂಥದ್ದಕ್ಕೆ ಸ್ವಂತ ಇಚ್ಛೆಯ ಚಂದಾ ಯಾವ ದೇಶದಲ್ಲೂ ಬಹಳ ದಿನ ನಡೆದಿಲ್ಲ.

ಇನ್ನೊಂದು ಕಾರಣ ಬಾಡಿಗೆ ಕರಾರು. ನಮ್ಮ ಪೇಟೆಯ ಎಷ್ಟೋ ಅಂಗಡಿಗಳು ಬಾಡಿಗೆಯವು, ಕರಾರು ಹನ್ನೊಂದು ತಿಂಗಳಿನದು. ಬಾಡಿಗೆದಾರ ತನ್ನ ದುಡ್ಡು ಹಾಕಿ ಬೀದಿ ಚೆಂದ ಮಾಡಿದರೆ ಮುಂದಿನ ಕರಾರಿನಲ್ಲಿ ಮಾಲೀಕ ಬಾಡಿಗೆ ಏರಿಸುತ್ತಾನೆ. ತಾನು ನೆಟ್ಟ ಗಿಡದ ಹಣ್ಣಿಗೆ ತಾನೇ ಕಾಸು ಕೊಟ್ಟ ಹಾಗೆ. ಅಮೆರಿಕದಲ್ಲಿ ಈ ಶುಲ್ಕವನ್ನು ಹೆಚ್ಚಾಗಿ ಕಟ್ಟಡದ ಮಾಲೀಕರ ಮೇಲೆ ಹಾಕುತ್ತಾರೆ, ಬ್ರಿಟನ್ನಿನಲ್ಲಿ ವ್ಯಾಪಾರ ಮಾಡುವವರ ಮೇಲೆ. ನಮ್ಮಲ್ಲಿ ಎಂದಾದರೂ ಕಾನೂನು ಬಂದರೆ ಮಾಲೀಕರ ಪಾಲು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀದಿ ಬೆಳೆದರೆ ಕೊನೆಗೂ ಬೆಲೆ ಏರುವುದು ಅವರ ಸೈಟಿಗೆ.

ಕರ್ನಾಟಕದಲ್ಲೇ ಯಾರೂ ಪ್ರಯತ್ನಿಸಿಲ್ಲವೇ ಎಂದರೆ, ಬೆಂಗಳೂರಿನ ಬ್ರಿಗೇಡ್ ರಸ್ತೆಯನ್ನು ಹೆಸರಿಸಬೇಕು. ಅಲ್ಲಿನ ಅಂಗಡಿಗಳ ಸಂಘ ಕಸುಬಿನದಲ್ಲ, ಬೀದಿಯದು. ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಪಾರ್ಕಿಂಗ್ ಮೀಟರಿನ ವ್ಯವಸ್ಥೆಯನ್ನು ತಾನೇ ನಡೆಸಿದ ಸಂಘ ಅದು. ಪಕ್ಕದ ಚರ್ಚ್ ಸ್ಟ್ರೀಟನ್ನು ಸರ್ಕಾರ ಕಲ್ಲು ಹಾಸಿ 2018ರಲ್ಲಿ ಹೊಸದಾಗಿ ತೆರೆಯಿತು, 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಬಿಡದೆ ಜನರ ಓಡಾಟಕ್ಕೇ ಮೀಸಲಿಟ್ಟಿತ್ತು. ಆದರೆ ಬೆಂಗಳೂರಿನ ಅಳತೆಯ ಅಂಗಿ ಹೊಳಲ್ಕೆರೆಗೆ ಹಿಡಿಸದು. ಅಲ್ಲಿಂದ ತರಬಹುದಾದದ್ದು ಒಂದೇ, ಪಾರ್ಕಿಂಗಿನ ಪಾಠ.

ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲೋ ಲಕ್ಷ್ಮೀ ಬಜಾರಿನಲ್ಲೋ ಒಂದು ಬೆಳಿಗ್ಗೆ ಸುಮ್ಮನೆ ನಿಂತು ನೋಡಿ. ಅಂಗಡಿಯವರು ಬಂದು ಷಟರ್ ಎತ್ತುತ್ತಾರೆ, ತಮ್ಮ ಸ್ಕೂಟರನ್ನು ಬಾಗಿಲೆದುರೇ ಸ್ಟ್ಯಾಂಡ್ ಹಾಕುತ್ತಾರೆ. ಕೆಲಸದ ಹುಡುಗರ ಬೈಕು ಅದರ ಪಕ್ಕಕ್ಕೆ. ಚರಂಡಿ ಮೇಲಿನ ಚಪ್ಪಡಿಯ ಮೇಲೆ ಬಕೆಟ್ಟು, ಬೊಂಬೆಗೆ ಉಡಿಸಿದ ಸೀರೆ, ನಿಲ್ಲಿಸುವ ಬೋರ್ಡು. ಗಿರಾಕಿ ಬರುವ ಹೊತ್ತಿಗೆ ನಿಲ್ಲಿಸಲು ಜಾಗವೂ ಇಲ್ಲ, ನಡೆಯಲು ಜಾಗವೂ ಇಲ್ಲ. ಸಂಜೆಗೆ ಅದೇ ಅಂಗಡಿಯವರು, ‘ಪಾರ್ಕಿಂಗ್ ಇಲ್ಲ ಸಾರ್, ವ್ಯಾಪಾರ ಬಿದ್ದುಹೋಯ್ತು’ ಅನ್ನುತ್ತಾರೆ. ಒಂದು ಬೀದಿಯ ಎಲ್ಲ ಅಂಗಡಿಯವರೂ ತಮ್ಮ ಮತ್ತು ಕೆಲಸದವರ ಗಾಡಿಗಳನ್ನು ಸ್ವಲ್ಪ ದೂರದ ಒಂದು ಖಾಲಿ ಜಾಗದಲ್ಲಿ ನಿಲ್ಲಿಸಲು ಒಪ್ಪಿದರೆ, ಆ ಜಾಗಕ್ಕೊಬ್ಬ ಕಾವಲಿನವನನ್ನು ಇಟ್ಟರೆ, ಕಾನೂನೂ ಬೇಡ, ಅನುದಾನವೂ ಬೇಡ. ಲೆಕ್ಕಕ್ಕೆಂದು ಹಿಡಿಯೋಣ: ನೂರು ಅಂಗಡಿಯ ಬೀದಿ, ಅಂಗಡಿಗೆ ದಿನಕ್ಕೆ 20 ರೂಪಾಯಿ. ತಿಂಗಳಿಗೆ 60,000 ರೂಪಾಯಿ ಕೂಡುತ್ತದೆ. ಕಾವಲಿನವನ ಜೊತೆಗೆ ರಾತ್ರಿ ಗುಡಿಸುವವರ ಸಂಬಳಕ್ಕೂ ಅದು ಒದಗೀತು. ದಿನಾ 20 ರೂಪಾಯಿ ಎಂದರೆ ನಮ್ಮ ಅಂಗಡಿಯವರು ಮಧ್ಯಾಹ್ನದೊಳಗೆ ಟೀಗೆ ಕೊಡುವ ದುಡ್ಡು.

ಊರಿಗೆ ಜನರನ್ನು ಕರೆತರುವ ಮಾತು ಬೇರೆ. ಚಿತ್ರದುರ್ಗದ ಪೇಟೆಗೆ ಏಳು ಸುತ್ತಿನ ಕೋಟೆಯೇ ಹಿತ್ತಲು. ಶಾಲಾ ಪ್ರವಾಸದ ಬಸ್ಸು ನೇರ ಕೋಟೆ ಬಾಗಿಲಿಗೆ ಹೋಗುತ್ತದೆ, ಮಕ್ಕಳು ಓಬವ್ವನ ಕಿಂಡಿಯಲ್ಲಿ ನುಸುಳಿ ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ಸು ವಾಪಸು ಹೆದ್ದಾರಿ ಹಿಡಿಯುತ್ತದೆ. ಟಿಕೆಟಿನ ದುಡ್ಡು ಪುರಾತತ್ವ ಇಲಾಖೆಗೆ ಹೋಯಿತು, ಪೇಟೆಗೆ ಒಂದು ಟೀ ವ್ಯಾಪಾರವೂ ಆಗಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚಳ್ಳಕೆರೆಯ ಕಂಬಳಿ ಇದೇ ಜಿಲ್ಲೆಯವೆಂದು ಆ ಬಸ್ಸಿನಲ್ಲಿದ್ದ ಮೇಷ್ಟ್ರಿಗೆ ಹೇಳುವವರೇ ಇಲ್ಲ. ಕೋಟೆ ಬಾಗಿಲಿನಿಂದ ಹಳೇ ಪೇಟೆಗೆ ನಡೆದು ಬರುವ ದಾರಿಗೆ ನಾಲ್ಕು ಫಲಕ, ದಾರಿಯುದ್ದಕ್ಕೂ ಕಸವಿಲ್ಲದ ಬದಿ, ಒಂದು ಶುಚಿಯಾದ ಶೌಚಾಲಯ. ಇದನ್ನು ಒಂದು ಅಂಗಡಿ ಮಾಡಲಾರದು, ಬೀದಿ ಮಾಡಬಹುದು. ಶೌಚಾಲಯವೆಂದು ಒತ್ತಿ ಹೇಳಲು ಕಾರಣವಿದೆ: ಹೆಂಗಸರು ಮಕ್ಕಳೊಡನೆ ಪೇಟೆಯಲ್ಲಿ ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದು ಅದರ ಮೇಲೆ ನಿಂತಿದೆ, ವ್ಯಾಪಾರವೂ ಆ ಹೊತ್ತಿನ ಮೇಲೆಯೇ.

ಹಿರಿಯೂರಿಗೆ ಇಂಥ ಅದೃಷ್ಟ 2022ರ ಸೆಪ್ಟೆಂಬರಿನಲ್ಲಿ ಬಂದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. 89 ವರ್ಷ ಕಾದ ದೃಶ್ಯ ನೋಡಲು ಜನ ಜಾತ್ರೆಯಂತೆ ನುಗ್ಗಿದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಇಂಥ ದಿನಗಳಲ್ಲಿ ಆ ಜನರನ್ನು ಒಂದು ಗಂಟೆ ಪೇಟೆಯಲ್ಲಿ ಉಳಿಸಿಕೊಳ್ಳುವುದು ಹೇಗೆಂದು ಹೋಟೆಲಿನವರು, ಬೇಕರಿಯವರು, ಆಟೋದವರು ಒಟ್ಟಿಗೆ ಕೂತು ಯೋಚಿಸಲು ಕಸುಬಿನ ಸಂಘ ಸಾಲದು.

ಎಚ್ಚರವೊಂದು ಬೇಕು. ಊರ ನಡುವನ್ನು ‘ಸುಂದರ’ ಮಾಡುವ ಭರದಲ್ಲಿ ಮೊದಲು ಎತ್ತಂಗಡಿಯಾಗುವುದು ಹೂವಿನವಳ ಬುಟ್ಟಿ, ಸೊಪ್ಪಿನ ಗಾಡಿ. ಬಿಡ್ ಪದ್ಧತಿಯ ಮೇಲೆ ಅಮೆರಿಕದಲ್ಲೂ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲೂ ಬಂದ ದೊಡ್ಡ ದೂರು ಇದೇ: ಖಾಸಗಿ ಕಾವಲಿನವರು ಬಡವರನ್ನು ಬೀದಿಯಿಂದ ಓಡಿಸುತ್ತಾರೆಂದು. ನಮ್ಮ ಪೇಟೆಗಳಲ್ಲಿ ಬೀದಿ ವ್ಯಾಪಾರಿಯಿಂದಾಗಿಯೇ ಬರುವ ಗಿರಾಕಿ ಬಹಳ. ಹೂವು, ಸೊಪ್ಪು ಕೊಳ್ಳಲು ಬಂದವರೇ ಪಕ್ಕದ ಅಂಗಡಿಯಲ್ಲಿ ಸೋಪು ಕೊಳ್ಳುವುದು. ಅವರನ್ನು ಹೊರಗಿಟ್ಟ ಬೀದಿ ಸಂಘ ಅರ್ಧ ಬೀದಿಯ ಸಂಘ.

ಅದೃಷ್ಟಕ್ಕೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವ ಜಾಗವನ್ನು ಕಾನೂನು ಈಗಾಗಲೇ ಕೊಟ್ಟಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳು ತಮ್ಮಲ್ಲೇ ಚುನಾಯಿಸಿದ ಪ್ರತಿನಿಧಿಗಳು, ಜೊತೆಗೆ ಪೊಲೀಸು, ಆರೋಗ್ಯಾಧಿಕಾರಿ, ಬ್ಯಾಂಕಿನವರು, ವರ್ತಕರ ಸಂಘದವರೂ ಇರಬೇಕು. ಯಾವ ಬೀದಿಯಲ್ಲಿ ಗಾಡಿ ಎಲ್ಲಿ ನಿಲ್ಲಬೇಕು ಎಂಬ ಮಾತು ಅಲ್ಲೇ ಆಗಬೇಕಾದದ್ದು. ಹೊಸದುರ್ಗದವರಾದ ನೀವು ಪುರಸಭೆಗೆ ಹೋಗಿ ಮೂರು ವಿಚಾರ ಕೇಳಿ: ಈ ಸಮಿತಿಯ ಸಭೆ ಕಳೆದ ಬಾರಿ ಯಾವಾಗ ನಡೆಯಿತು, ವರ್ತಕರ ಕಡೆಯಿಂದ ಯಾರು ಕೂತಿದ್ದರು, ಅವರು ಯಾವ ಬೀದಿಯವರು. ಉತ್ತರ ಬಾಯಲ್ಲಿ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಬರವಣಿಗೆಯಲ್ಲಿ ಉತ್ತರಿಸುವುದು ಅವರ ಹೊಣೆ.