ಒಂಬತ್ತು ಊರು, ಐದು ರಾತ್ರಿ

ಶ್ರೀಲಂಕೆಯ ವಿಸ್ತೀರ್ಣ 65,610 ಚದರ ಕಿಲೋಮೀಟರ್. ಕರ್ನಾಟಕದ್ದು 1,91,791. ಅಂದರೆ ಇಡೀ ಲಂಕೆ ನಮ್ಮ ರಾಜ್ಯದ ಮೂರನೇ ಒಂದು ಪಾಲು. ನಾನು ದಾರಿ ತಪ್ಪಿದ್ದು ಈ ಭಾಗಾಕಾರದಿಂದಲೇ. ಇಷ್ಟೇ ಇಷ್ಟು ದೇಶ, ಐದು ರಾತ್ರಿ ಆರು ಹಗಲು ಧಾರಾಳ ಸಾಕು ಅಂದುಕೊಂಡು ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದೆ: ಕೊಲಂಬೊ, ಅನುರಾಧಪುರ, ಪೊಲೊನ್ನರುವ, ಸಿಗಿರಿಯ, ತ್ರಿಂಕೋಮಲಿ, ಕ್ಯಾಂಡಿ, ನುವರ ಎಲಿಯ, ಎಲ್ಲ, ಗಾಲ್. ಒಂಬತ್ತು ಊರು. (ಎಲ್ಲ ಅನ್ನೋದು ಊರಿನ ಹೆಸರು. ನಮ್ಮ ಮನೆಯಲ್ಲಿ ಇದರ ಮೇಲೆ ಆದ ಜೋಕುಗಳನ್ನು ಇಲ್ಲಿ ಬರೆಯುವುದಿಲ್ಲ.)

ಕೊರೋನಾಕ್ಕೆ ಮುಂಚಿನ ಒಂದು ಜನವರಿಯ ಮಾತು. ನಾವು ನಾಲ್ಕು ಜನ: ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಎಪ್ಪತ್ತು ದಾಟಿದ ಅಪ್ಪ. ಪಟ್ಟಿಯನ್ನು ಮೊದಲು ನೋಡಿದ್ದು ಕ್ಯಾಂಡಿಯ ವ್ಯಾನ್ ಡ್ರೈವರು. ತಮಿಳಿನವರು. ನನ್ನ ಬೆಂಗಳೂರು ತಮಿಳಿಗೆ ಅವರು ನಗದೇ ಇದ್ದದ್ದು ದೊಡ್ಡತನ. ಫೋನಿನಲ್ಲಿ ಒಂದೇ ಮಾತು ಕೇಳಿದರು: "ಸಾರ್, ನೀವು ಊರು ನೋಡೋಕೆ ಬರ್ತಿದ್ದೀರೋ, ಕೊರಿಯರ್ ಕೊಡೋಕೋ?"

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಬೆಟ್ಟದ ಸೀಮೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಸಾಗಿದರೆ ಪುಣ್ಯ. ಕ್ಯಾಂಡಿಯಿಂದ ನುವರ ಎಲಿಯ ಎಂಬತ್ತು ಕಿಲೋಮೀಟರೂ ಇಲ್ಲ, ಆದರೆ ಮೂರು ಗಂಟೆ ಹಿಡಿಯುತ್ತದೆ. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡು ಒದ್ದಾಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ನಾನು ಅಳೆದದ್ದು ನಕ್ಷೆಯನ್ನು, ರಸ್ತೆಯನ್ನಲ್ಲ.

ಇನ್ನೊಂದು ಲೆಕ್ಕವೂ ತಪ್ಪಿತ್ತು. ಆರು ಹಗಲು ಅಂತ ಎಣಿಸಿದ್ದೆನಲ್ಲ, ಅದರಲ್ಲಿ ಮೊದಲನೆಯದು ವಿಮಾನಕ್ಕೆ, ಇಮಿಗ್ರೇಷನ್ ಸಾಲಿಗೆ, ಸಿಮ್ ಕಾರ್ಡಿಗೆ ಹೋಯಿತು. ಕೊನೆಯದು ಏರ್‌ಪೋರ್ಟಿಗೆ ಮೂರು ಗಂಟೆ ಮುಂಚೆ ಹೋಗಿ ಕೂರುವುದಕ್ಕೆ. ಕೈಯಲ್ಲಿ ಉಳಿದದ್ದು ನಾಲ್ಕೇ ಹಗಲು.

ಹೊಡೆದು ಹಾಕುವ ಕೆಲಸ ಶುರುವಾಯಿತು. ತ್ರಿಂಕೋಮಲಿಯನ್ನು ನಾವು ಬಿಡಲಿಲ್ಲ, ಮಳೆಯೇ ಬಿಡಿಸಿತು. ಲಂಕೆಗೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಕೊಲಂಬೊ, ಗಾಲ್ ಕಡೆ ಸುರಿದರೆ, ವರ್ಷದ ಕೊನೆಗೆ ಈಶಾನ್ಯದ ಮಳೆ ತ್ರಿಂಕೋಮಲಿ ಕಡೆ ಬೀಳುತ್ತದೆ. ಜನವರಿಯಲ್ಲಿ ಆ ಕಡೆ ಇನ್ನೂ ಮೋಡ. ಕೋಣೇಶ್ವರ ದೇವಸ್ಥಾನ ತಪ್ಪಿತಲ್ಲ ಅಂತ ಅಪ್ಪ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ಕೊಲಂಬೊವನ್ನು ಯಾರೂ ಕೇಳಲೇ ಇಲ್ಲ. ಬೆಂಗಳೂರಿನಿಂದ ಹೋಗಿ ಮತ್ತೆ ಟ್ರಾಫಿಕ್ ನೋಡುವ ಹುಚ್ಚು ನಮಗಿರಲಿಲ್ಲ.

ಉಳಿದ ಊರುಗಳ ಮೇಲೆ ಜಗಳ ಬಿತ್ತು. ಕೊನೆಗೆ ಹೆಂಡತಿ ಕ್ಯಾಲೆಂಡರ್ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಊರಿನ ಹೆಸರು ಬೇಡ. ತಲೆಗೊಂದು ಆಸೆ ಹೇಳಿ, ಒಂದೇ ಒಂದು," ಅಂದಳು. ಅಪ್ಪ ತಡಮಾಡಲಿಲ್ಲ: "ಅಶೋಕವನ." ಮಗಳು: "ಸಮುದ್ರ." ನಾನು: "ಸಿಗಿರಿಯ." ತನ್ನದೇನು ಅಂತ ಕೇಳಿದ್ದಕ್ಕೆ, "ಒಂದೇ ರೂಮಲ್ಲಿ ಮೂರು ರಾತ್ರಿ. ದಿನಾ ಸೂಟ್‌ಕೇಸ್ ಕಟ್ಟೋದು ನಿಮ್ಮಿಂದ ಆಗುತ್ತಾ?" ಅಂದಳು.

ಪಟ್ಟಿ ಅಲ್ಲಿಗೆ ತಾನಾಗಿ ಇಳಿಯಿತು. ಮೂರು ರಾತ್ರಿ ಕ್ಯಾಂಡಿ, ಒಂದು ರಾತ್ರಿ ನುವರ ಎಲಿಯ. ಸಮುದ್ರಕ್ಕೋಸ್ಕರ ಗಾಲ್‌ವರೆಗೆ ಇಳಿಯುವ ಬದಲು ಕೊನೆಯ ರಾತ್ರಿ ಏರ್‌ಪೋರ್ಟಿನ ಪಕ್ಕದ ನೆಗೊಂಬೊದಲ್ಲಿ ಉಳಿಯುವುದು ಅಂತಾಯಿತು. ಮಗುವಿಗೆ ಬೇಕಾಗಿದ್ದು ಅಲೆ, ಗಾಲ್‌ನ ಡಚ್ಚರ ಕೋಟೆಯಲ್ಲ.

ಕ್ಯಾಂಡಿಯ ಮೊದಲ ಬೆಳಿಗ್ಗೆ ನೋಡಿದರೆ ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಯೂ 'ಪೋಯ', ಸರ್ಕಾರಿ ರಜೆ, ಹೆಂಡದಂಗಡಿ ಬಂದ್. ತಾರೀಕು ನೋಡಿ ಟಿಕೆಟ್ ಮಾಡಿದವನು ತಿಥಿ ನೋಡಿರಲಿಲ್ಲ. ಬುದ್ಧನ ದಂತವಿರುವ ದಲದಾ ಮಾಳಿಗಾವದ ಮುಂದೆ ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ನಿಂತಿತ್ತು. ಕೈಯಲ್ಲಿ ನೈದಿಲೆ. ನಮ್ಮ ಮುಂದಿದ್ದ ಅಜ್ಜಿ ಮುಚ್ಚಿದ ಎಸಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಬಿಡಿಸುತ್ತಾ ಸಾಲಿನಲ್ಲಿ ಮುಂದೆ ಸರಿಯುತ್ತಿದ್ದರು. ಮಗಳು ನೋಡ್ತಾ ನಿಂತಿದ್ದಕ್ಕೆ ಒಂದು ಹೂವನ್ನು ಅವಳ ಕೈಗೂ ಕೊಟ್ಟರು, ಬಿಡಿಸು ಅಂತ ಸನ್ನೆ ಮಾಡಿದರು. ಎರಡು ಗಂಟೆ ಸಾಲು. ದಂತ ಕಾಣುವುದಿಲ್ಲ, ಅದಿರುವ ಕರಂಡಕ ಮಾತ್ರ ದೂರದಿಂದ ಒಂದು ಕ್ಷಣ. ಒಂಬತ್ತು ಊರಿನ ಪಟ್ಟಿ ಹಿಡಿದು ಬಂದಿದ್ದರೆ ಆ ಸಾಲು ನೋಡಿದ ಕೂಡಲೇ ವ್ಯಾನ್ ಹತ್ತಿರುತ್ತಿದ್ದೆವು. ಸಂಜೆ ಕೆರೆ ಸುತ್ತುವಾಗ ಅಪ್ಪ ಮೇಷ್ಟ್ರಾದರು. ಕೆರೆ ಕಟ್ಟಿಸಿದ ಕ್ಯಾಂಡಿಯ ಕೊನೆಯ ರಾಜ ವಿಕ್ರಮ ರಾಜಸಿಂಹ ದಕ್ಷಿಣ ಭಾರತದ ನಾಯಕರ ವಂಶದವನು, 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು ನಮ್ಮ ವೆಲ್ಲೂರಿಗೇ ಕಳಿಸಿದ್ದು ಅಂತ ಪೂರ್ತಿ ಒಂದು ಪೀರಿಯಡ್ ಪಾಠವಾಯಿತು.

ಮರುದಿನ ಸಿಗಿರಿಯ. ಇದು ನನ್ನ ಆಸೆ, ತಪ್ಪೂ ನನ್ನದೇ. ಕ್ಯಾಂಡಿಯಿಂದ ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು. ಬಂಡೆಯ ಬುಡಕ್ಕೆ ಬಂದಾಗ ಹನ್ನೊಂದು ಗಂಟೆ ಬಿಸಿಲು. ಮೇಲಕ್ಕೆ ಸಾವಿರದ ಇನ್ನೂರರ ಹತ್ತಿರ ಮೆಟ್ಟಿಲು. ಅಪ್ಪ ಮೊಣಕಾಲು ಮುಟ್ಟಿಕೊಂಡು, "ನೀವು ಹೋಗಿ ಬನ್ನಿ, ನಾನು ಈ ಕೊಳಗಳ ಹತ್ತಿರ ಕೂತಿರ್ತೀನಿ," ಅಂದರು. ಅಪ್ಪನನ್ನು ಕೊಂದು ಪಟ್ಟಕ್ಕೆ ಬಂದ ಕಾಶ್ಯಪ ಐದನೇ ಶತಮಾನದಲ್ಲಿ, ತಮ್ಮ ಎಲ್ಲಿ ದಂಡೆತ್ತಿ ಬರುತ್ತಾನೋ ಅನ್ನುವ ಹೆದರಿಕೆಗೆ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಅನ್ನುತ್ತಾರೆ. ಅಪ್ಪನನ್ನು ಬಿಸಿಲಲ್ಲಿ ಕೂರಿಸಿ ಹತ್ತುತ್ತಿದ್ದ ನನಗೆ ಆ ಕಥೆ ಅಷ್ಟೇನೂ ಹಿತವಾಗಲಿಲ್ಲ. ಹೆಜ್ಜೇನು ಏಳುತ್ತದೆ, ಸದ್ದು ಮಾಡಬೇಡಿ ಅನ್ನುವ ಬೋರ್ಡುಗಳ ಕೆಳಗೆ ಶಾಲಾ ಮಕ್ಕಳ ಗುಂಪು. ಕಲ್ಲಿನ ಸಿಂಹದ ಎರಡು ಪಂಜಗಳ ನಡುವೆ ನಿಂತಾಗ ಮೈ ಜುಂ ಅಂದದ್ದು ನಿಜ, ಆದರೆ ತುದಿಯಲ್ಲಿ ಕಾಲು ಗಂಟೆಯೂ ನಿಲ್ಲದೆ ಇಳಿದೆ. ಕೆಳಗೆ ಅಪ್ಪ ಸಿಂಹಳ ಅಕ್ಷರ ನೋಡುತ್ತಿದ್ದರು: "ನಮ್ಮ ಅಕ್ಷರದ ಹಾಗೇ ಗುಂಡಗಿದೆ ಕಣೋ, ಓದೋಕೆ ಮಾತ್ರ ಬರಲ್ಲ."

ಅವರ ಅಶೋಕವನ ಸಿಕ್ಕಿದ್ದು ನುವರ ಎಲಿಯದಿಂದ ಸ್ವಲ್ಪ ದೂರದ ಸೀತಾ ಎಲಿಯದಲ್ಲಿ. ರಸ್ತೆ ಬದಿಗೇ ಬಣ್ಣ ಬಳಿದ ಪುಟ್ಟ ಗೋಪುರ, ಹಿಂದೆ ಹಳ್ಳ, ಬಂಡೆಯ ಮೇಲೆ ಹನುಮಂತನ ಹೆಜ್ಜೆ ಅನ್ನುವ ಗುಳಿಗಳು. ನನಗೆ, ಸುಳ್ಳು ಯಾಕೆ ಹೇಳಲಿ, ಹತ್ತು ನಿಮಿಷದ ಜಾಗ. ಅಪ್ಪ ಪಂಚೆ ಮೇಲೆತ್ತಿ ಆ ತಣ್ಣನೆ ನೀರಿನಲ್ಲಿ ಕಾಲಿಟ್ಟು ಮುಕ್ಕಾಲು ಗಂಟೆ ಕೂತರು. ಕರೆಯುವ ಅವಸರ ಯಾರಿಗೂ ಇರಲಿಲ್ಲ, ಯಾಕೆಂದರೆ ಆ ದಿನಕ್ಕೆ ಬೇರೆ ಊರೇ ಇರಲಿಲ್ಲ.

ಕ್ಯಾಂಡಿಯಿಂದ ಎಲ್ಲಕ್ಕೆ ಹೋಗುವ ರೈಲು ಎಲ್ಲರೂ ಹೇಳುವಂಥದ್ದು. ಆದರೆ ಆರೇಳು ಗಂಟೆ, ತಲುಪಿದ ಮೇಲೆ ಮತ್ತೆ ವಾಪಸ್ ಬರಬೇಕು. ನಾವು ನುವರ ಎಲಿಯದ ಹತ್ತಿರದ 'ನಾನು ಓಯ' ಸ್ಟೇಷನ್ನಿನಿಂದ ಕ್ಯಾಂಡಿಗೆ ಇಳಿಯುವ ರೈಲು ಹತ್ತಿದೆವು, ಸುಮಾರು ನಾಲ್ಕು ಗಂಟೆ. ಅದೇ ಚಹಾ ತೋಟ, ಅದೇ ಮಂಜು. ಡ್ರೈವರು ಲಗೇಜು ಹೊತ್ತು ಕ್ಯಾಂಡಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ನೆಗೊಂಬೊದ ಬೆಳಗು ಮೀನಿನ ವಾಸನೆಯಿಂದಲೇ ಆಯಿತು. ಮರಳಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಮೀನು ಒಣಗಲು ಹರಡಿದ್ದರು. ಮಗಳು ಮೂಗು ಮುಚ್ಚಿಕೊಂಡೇ ಅಲೆಯಲ್ಲಿ ಆಡಿದಳು.

ಹೋಗುವವರಿದ್ದರೆ ಒಂದು ಮಾತು: ಸಿಗಿರಿಯವನ್ನು ಕ್ಯಾಂಡಿಯಿಂದ ಹೋಗಿ ಬರಬೇಡಿ. ಏರ್‌ಪೋರ್ಟಿನಿಂದ ನೇರ ದಂಬುಲ್ಲಕ್ಕೆ ಹೋಗಿ, ಒಂದು ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಬಂಡೆಯ ಬುಡದಲ್ಲಿರಿ. ಕ್ಯಾಂಡಿ ಹೇಗೂ ಮುಂದಿನ ದಾರಿಯಲ್ಲೇ ಸಿಗುತ್ತದೆ. ಜೊತೆಗೆ ಅಪ್ಪನೋ ಅಮ್ಮನೋ ಇದ್ದರೆ, ಆ ತಂಪು ಹೊತ್ತಿನಲ್ಲಿ ಸಿಂಹದ ಪಂಜದವರೆಗಾದರೂ ಹತ್ತಿಸಬಹುದು.