ಕಾರಿನ ಹಾಡಿಗೆ ಎಷ್ಟು ವಾಟ್ ಬೇಕು?

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾನೆ. "ಮಾಷ್ಟ್ರೇ, ಗಾಡಿಗೆ ಒಂದು ಒಳ್ಳೆಯ ಸ್ಟೀರಿಯೋ ಹಾಕಿಸಬೇಕೆಂದಿದ್ದೇನೆ. ಅಂಗಡಿಯವರು ಸೆಟ್ಟು, ದೊಡ್ಡ ಆಂಪ್ಲಿಫಯರ್, ವೂಫರ್ ಎಲ್ಲ ಸೇರಿಸಿ ಚೀಟಿ ಬರೆದುಕೊಟ್ಟಿದ್ದಾರೆ. ನನ್ನ ಕೈಯಲ್ಲಿರುವುದು ಅದರ ಅರ್ಧ. ಉಳಿದದ್ದಕ್ಕೆ ಇನ್ನೊಂದು ಸಾಲ ಮಾಡಲೇ?" ಎಂದು ಕೇಳಿದ.

ನಾನು ವ್ಯಾಪಾರಿಯಲ್ಲ, ವಿಜ್ಞಾನ ಪಾಠ ಮಾಡುವವನು. ಆದರೂ ಆ ಚೀಟಿಯನ್ನು ಮುಂದಿಟ್ಟುಕೊಂಡು, ಹತ್ತನೆಯ ತರಗತಿಯಲ್ಲಿ ಅವನೇ ಕಲಿತಿದ್ದ ಓಮನ ನಿಯಮದಿಂದ ಇಬ್ಬರೂ ಲೆಕ್ಕ ಹಾಕಿದೆವು. ಅದು ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಾರಿನಲ್ಲಿ ಹಾಡು ಕೇಳುವ ಆಸೆ ಹೊಸತಲ್ಲ. ಅಮೆರಿಕದ ಗಾಲ್ವಿನ್ ಕಂಪೆನಿಯು 1930ರಲ್ಲೇ 'ಮೋಟೊರೋಲಾ' ಎಂಬ ಕಾರು ರೇಡಿಯೋವನ್ನು ಮಾರಾಟಕ್ಕೆ ತಂದಿತ್ತು. 1963ರಲ್ಲಿ ಫಿಲಿಪ್ಸ್ ಕಂಪೆನಿಯ ಕ್ಯಾಸೆಟ್ ಬಂತು. ಈಗ ಫೋನಿನಿಂದಲೇ ಹಾಡು ಬರುತ್ತದೆ. ಆದರೆ ಹಾಡು ಎಲ್ಲಿಂದ ಬಂದರೂ ಕಿವಿಗೆ ಮುಟ್ಟುವ ದಾರಿ ಒಂದೇ: ಸೆಟ್ಟು, ಅದರೊಳಗಿನ ಆಂಪ್ಲಿಫಯರ್, ತಂತಿ, ಕೊನೆಗೆ ಸ್ಪೀಕರ್.

ಪೆಟ್ಟಿಗೆಯ ಮೇಲಿನ ಅಂಕೆ

ಸೆಟ್ಟಿನ ಪೆಟ್ಟಿಗೆಯ ಮೇಲೆ '50 ವಾಟ್ × 4' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ಕಾಣುತ್ತೇವೆ. ಇದರ ಗುಟ್ಟೇನು? ಎಂಜಿನ್ ಓಡುತ್ತಿರುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಕಾರಿನ ಸ್ಪೀಕರುಗಳ ಪ್ರತಿರೋಧ ಸಾಮಾನ್ಯವಾಗಿ 4 ಓಮ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಪ್ರತಿರೋಧದಿಂದ ಭಾಗಿಸಿದರೆ ವಾಟ್ ಸಿಗುತ್ತದೆಯಷ್ಟೆ. 14.4 × 14.4 ÷ 4 = 51.84. ಇದೇ ಆ 50 ವಾಟ್!

ಆದರೆ ಇಡೀ ವೋಲ್ಟೇಜು ಎಡೆಬಿಡದೆ ಸ್ಪೀಕರಿಗೆ ಸಿಕ್ಕಿದರೆ ಮಾತ್ರ ಇದು ನಿಜ. ಹಾಡಿನ ಅಲೆಯಾದರೋ ಏರುತ್ತದೆ, ಇಳಿಯುತ್ತದೆ. ಶುದ್ಧ ಸ್ವರವೊಂದರ ಅಲೆಯ ತುದಿ 14.4 ವೋಲ್ಟ್ ಇದ್ದರೆ ಅದರ ಪರಿಣಾಮಕಾರಿ ವೋಲ್ಟೇಜು 14.4 ÷ 1.414, ಅಂದರೆ 10.2. ಈಗ ಪುನಃ ಲೆಕ್ಕ ಹಾಕಿ: 10.2 × 10.2 ÷ 4 = 26. ಸೆಟ್ಟಿನೊಳಗಿನ ನಷ್ಟವನ್ನು ಕಳೆದರೆ ಒಂದೊಂದು ಸ್ಪೀಕರಿಗೆ ಸಿಗುವುದು ಸುಮಾರು 18ರಿಂದ 20 ವಾಟ್. ಆದುದರಿಂದ ಅಂಗಡಿಯಲ್ಲಿ ದಪ್ಪಕ್ಷರವನ್ನು ಬಿಟ್ಟು, 'ಆರ್.ಎಂ.ಎಸ್. ವಾಟ್ ಎಷ್ಟು?' ಎಂದು ಕೇಳಬೇಕು.

ವಾಟ್ ಇಮ್ಮಡಿಯಾದರೆ ಶಬ್ದ ಇಮ್ಮಡಿಯಾಗದು

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ವಾಟನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಶಬ್ದ ಇಮ್ಮಡಿಯಾದಂತೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. 20 ವಾಟಿನಿಂದ 40ಕ್ಕೆ ಹೋಗಲು ಹಣ ಸುರಿದವನಿಗೆ ಸಿಗುವ ಲಾಭ ಅಲ್ಪ.

ಸ್ಪೀಕರಿನ ಪೆಟ್ಟಿಗೆಯ ಮೂಲೆಯಲ್ಲಿ 'ಸೆನ್ಸಿಟಿವಿಟಿ' ಎಂಬ ಸಣ್ಣ ಅಂಕೆಯೊಂದಿರುತ್ತದೆ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ ಎಂಬುದನ್ನು ಅದು ತಿಳಿಸುತ್ತದೆ. 90 ಡೆಸಿಬೆಲ್‌ನ ಸ್ಪೀಕರ್ 20 ವಾಟಿನಲ್ಲಿ ಹಾಡುವಷ್ಟನ್ನು ಹಾಡಲು 87 ಡೆಸಿಬೆಲ್‌ನದಕ್ಕೆ 40 ವಾಟ್ ಬೇಕು. ಸ್ಪೀಕರನ್ನು ಸರಿಯಾಗಿ ಆರಿಸಿದರೆ ಬೇರೆ ಆಂಪ್ಲಿಫಯರ್ ಇಲ್ಲದೆಯೂ ನಡೆದೀತು.

ಹಣವನ್ನು ಹತ್ತು ಪಾಲು ಮಾಡಿ

ನಾವು ಕೈಯಲ್ಲಿದ್ದ ಹಣವನ್ನು ಹತ್ತು ಪಾಲು ಮಾಡಿದೆವು. ಮುಂಬಾಗಿಲಿನ ಒಂದು ಜೊತೆ ಸ್ಪೀಕರಿಗೆ ಐದು ಪಾಲು, ಸೆಟ್ಟಿಗೆ ಮೂರು, ತಂತಿ ಮತ್ತು ಫ್ಯೂಸಿಗೆ ಒಂದು, ಬಾಗಿಲಿನ ಕೆಲಸಕ್ಕೆ ಒಂದು. ಹಿಂಬದಿಗೆ ಹಳೆಯ ಸ್ಪೀಕರುಗಳೇ ಸಾಕು. ಮುಂದೆ ಕೈಯಲ್ಲಿ ಹಣವಾದಾಗ ಆಂಪ್ಲಿಫಯರ್ ಸೇರಿಸಲು, ಸೆಟ್ಟಿನ ಹಿಂದೆ ಅದಕ್ಕೆ ಬೇಕಾದ ಔಟ್‌ಪುಟ್ ಇದೆಯೇ ಎಂದು ಮಾತ್ರ ಈಗಲೇ ನೋಡಿಕೊಳ್ಳಬೇಕು. ಇದ್ದ ಸೆಟ್ಟು ಸರಿಯಾಗಿದ್ದರೆ ಆ ಮೂರು ಪಾಲೂ ಉಳಿತಾಯ.

ಕೊಳ್ಳುವ ಮೊದಲು ನಿಮಗೆ ಬಾಯಿಪಾಠವಿರುವ ಹಾಡನ್ನೇ ಹಾಕಿಸಿ ಕೇಳಿ. ನಾನು ಅವನಿಗೆ ಯಕ್ಷಗಾನದ ಪದವೊಂದನ್ನು ಕೇಳಲು ಹೇಳಿದೆ. ಚೆಂಡೆಯ ಪೆಟ್ಟು, ಮದ್ದಳೆಯ ನಾದ, ಜಾಗಟೆಯ ಕಂಪನ ಬೇರೆಬೇರೆಯಾಗಿ ಕೇಳಿಸಬೇಕು. ಭಾಗವತರ ಮಾತು ಮುಳುಗಬಾರದು.

ಇನ್ನು ಬಾಗಿಲು. ಸ್ಪೀಕರಿನ ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ವಿರುದ್ಧ. ಬಾಗಿಲ ತಗಡಿನ ತೂತುಗಳಿಂದ ಅವೆರಡೂ ಸೇರಿದರೆ ಮಂದ್ರ ಸ್ವರಗಳು ಪರಸ್ಪರ ಅಳಿಯುತ್ತವೆ. ಸ್ಪೀಕರನ್ನು ಗಟ್ಟಿ ಬಳೆಯ ಮೇಲೆ ಕೂರಿಸಿ ತೂತುಗಳನ್ನು ಮುಚ್ಚಿದರೆ ವೂಫರಿನ ಹಂಬಲ ಅರ್ಧ ಕಡಿಮೆಯಾಗುತ್ತದೆ. ನಮ್ಮ ಊರಿನ ಮಳೆಗೆ ಗಾಜಿನ ಸಂದಿನಿಂದ ಬಾಗಿಲೊಳಗೆ ನೀರಿಳಿಯುತ್ತದೆ. ಆದುದರಿಂದ ನೀರು ಕುಡಿದು ಉಬ್ಬುವ ಹಲಗೆ ಬೇಡ. ಬಾಗಿಲ ಅಡಿಯಲ್ಲಿ ನೀರು ಹೋಗುವ ತೂತನ್ನು ಎಂದೂ ಮುಚ್ಚಬೇಡಿ.

ಒಂದು ಫ್ಯೂಸಿನ ಕತೆ

ಮೇಲಿನದೆಲ್ಲ ಹಣದ ಮಾತಾಯಿತು. ಇದು ಜೀವದ ಮಾತು. ಹಲವು ವರ್ಷಗಳ ಹಿಂದೆ ನನ್ನ ತಮ್ಮನ ಜೀಪಿಗೆ ಒಬ್ಬರು ಆಂಪ್ಲಿಫಯರ್ ಕೂರಿಸಿದ್ದರು. ಬ್ಯಾಟರಿಯಿಂದ ನೇರವಾಗಿ ಎಳೆದ ತಂತಿಗೆ ಫ್ಯೂಸ್ ಇರಲಿಲ್ಲ. ತಂತಿಯು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಹರಿಯಿತು. ಏರುರಸ್ತೆಯಲ್ಲಿ ಹೊಗೆ ಎದ್ದಾಗ ಜೀಪಿನಲ್ಲಿ ಆರು ಮಂದಿ ಇದ್ದರು. ಅವರೆಲ್ಲ ಹೊರಗೆ ಹಾರಿದರು. ತಮ್ಮ ಬಟ್ಟೆ ಹಿಡಿದು ಬ್ಯಾಟರಿಯ ತಂತಿಯನ್ನು ಕಿತ್ತ. ಅಂಗೈಯಲ್ಲಿ ಆದ ಸುಟ್ಟ ಕಲೆ ಈಗಲೂ ಇದೆ. ಉಳಿಸಿದ್ದು ಒಂದು ಫ್ಯೂಸಿನ ಬೆಲೆ.

ತಂತಿ ಕಾರಿನ ಮೈಗೆ ತಾಗಿದರೆ ಪ್ರತಿರೋಧ ಬಹುತೇಕ ಸೊನ್ನೆ. ನೂರಾರು ಆಂಪಿಯರ್ ಪ್ರವಾಹ ಹರಿದು ತಂತಿ ಕೆಂಡವಾಗುತ್ತದೆ. ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲೇಬೇಕು. ಅದು ಕಾಯುವುದು ಮುಖ್ಯವಾಗಿ ತಂತಿಯನ್ನು. ಆದುದರಿಂದ ತಂತಿ ತಾಳುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಕೂಡದು. 200 ವಾಟ್ ಹೊರಡಿಸುವ ಆಂಪ್ಲಿಫಯರ್ ಅರ್ಧವನ್ನು ಶಾಖವಾಗಿ ಕಳೆಯುವುದಾದರೆ 400 ವಾಟ್ ಎಳೆಯುತ್ತದೆ. 400 ÷ 14.4 = ಸುಮಾರು 28 ಆಂಪಿಯರ್. ಅದಕ್ಕೆ ಸಪುರ ತಂತಿ ಸಾಲದು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಮಾರಾಟಕ್ಕಿದೆ. ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ತಗಡನ್ನು ದಾಟುವಲ್ಲಿ ರಬ್ಬರ್ ಬುಷ್ ಹಾಕಿಸಿ.

ಕಿವಿಯ ಲೆಕ್ಕವನ್ನೂ ಮರೆಯಬಾರದು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದೆಂದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧವಾಗುತ್ತದೆ; 100 ಡೆಸಿಬೆಲ್‌ಗೆ 15 ನಿಮಿಷ ಮಾತ್ರ. ಹಿಂದಿನಿಂದ ಬರುವ ಆಂಬ್ಯುಲೆನ್ಸಿನ ಸದ್ದು ಕೇಳಿಸದಷ್ಟು ಹಾಡು ಯಾರಿಗೂ ಬೇಡ.

ಆ ಹುಡುಗ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದ. ಕಳೆದ ತಿಂಗಳು ಪೇಟೆಯಿಂದ ಬರುವಾಗ ಅವನದೇ ಕಾರು ಸಿಕ್ಕಿತು. ಮೆಲ್ಲಗೆ ಯಕ್ಷಗಾನದ ಪದ ಹಾಡುತ್ತಿತ್ತು. ಒಂದೊಂದು ಅಕ್ಷರವೂ ಸ್ಪಷ್ಟ. "ಎಷ್ಟು ವಾಟಿನದ್ದು ಮಾರಾಯ?" ಎಂದೆ. "ಇಪ್ಪತ್ತು, ಮಾಷ್ಟ್ರೇ. ಸಾಲ ಮಾಡಲಿಲ್ಲ" ಎಂದ.

ಲೆಕ್ಕ ಹಾಕಿ ನೋಡಿ

1. ಎಂಜಿನ್ ನಿಂತಿರುವಾಗ ಬ್ಯಾಟರಿಯ ವೋಲ್ಟೇಜ್ 12.6. ಆಗ ಪೆಟ್ಟಿಗೆಯ ಮೇಲಿನ 50 ವಾಟ್ ಎಷ್ಟಕ್ಕೆ ಇಳಿಯುತ್ತದೆ?
2. 94 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಷ್ಟು ಹೊತ್ತು ಕೇಳಬಹುದು?
3. ನಿಮ್ಮ ಮನೆಯ ವಾಹನದಲ್ಲಿ ಫ್ಯೂಸುಗಳ ಪೆಟ್ಟಿಗೆ ಎಲ್ಲಿದೆ? ಹಿರಿಯರೊಡನೆ ನೋಡಿ, ಅವುಗಳ ಮೇಲಿನ ಅಂಕೆಗಳನ್ನು ಬರೆದುಕೊಳ್ಳಿ.